ಪದಚರ್ಚೆ: ಹೆಗಲಿನ ಟೆಂಡನ್ – ಸ್ನಾಯುರಜ್ಜು, ಕಂಡರ, ಹುರಿ? (ಅರ್ಜೆಂಟ್)

ಎಲ್ರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಎರಡು ಪುಟದ ಕರಪತ್ರ ಪ್ರಿಂಟಿಗೆ ಹೋಗ್ಬೇಕು. ಹೆಗಲಿನ ರೊಟೇಟರ್ ಕಫ್ (ಹೆಗಲ ಕೀಲಿನ ಸುತ್ತ ಇರೋ ಟೆಂಡನ್‌ಗಳು) ಹರಿದು ಆಪರೇಷನ್ ಮಾಡಿಸ್ಕೊಂಡೋರಿಗೆ, ಕೆಲವರಿಗೆ ಯಾಕೆ ಚೆನ್ನಾಗಿ ಕೂಡುತ್ತೆ ಕೆಲವರಿಗೆ ಯಾಕೆ ಮತ್ತೆ ಹರಿಯುತ್ತೆ ಅಂತ ತಿಳಿಸೋದು. ವಯಸ್ಸು, ಎಷ್ಟು ದೊಡ್ಡದಾಗಿ ಹರಿದಿದೆ, ಶುಗರ್ರು, ಬೀಡಿ ಸಿಗರೇಟು, ಟೊಳ್ಳು ಮೂಳೆ, ಇವಕ್ಕೆಲ್ಲ ಪದ ಇದೆ. ಸಿಕ್ಕಾಕ್ಕೊಂಡಿರೋದು ಟೆಂಡನ್ (ಮಾಂಸಖಂಡಾನ ಮೂಳೆಗೆ ಕಟ್ಟೋದು), ಕಫ್, ಹೀಲಿಂಗ್ ಮೂರರಲ್ಲಿ. ಪಠ್ಯಪುಸ್ತಕದ 'ಸ್ನಾಯುರಜ್ಜು' ಹಾಕಿ ಇಬ್ರಿಗೆ ಓದಿಸ್ದೆ, ಇಬ್ರೂ "ಅಂದ್ರೆ ನರಾನಾ?" ಅಂದ್ರು. 'ಕಫ್' ಹಾಗೇ ಬಿಟ್ರೆ ಒಬ್ಬರು ಎದೆ ಕಫ ಅಂದ್ಕೊಂಡ್ರು.
— ಬೆಂಗಳೂರು

> ಟೆಂಡನ್

ಹುರಿ. ಅಷ್ಟೇ. ರಜ್ಜು ಅಂದ್ರೂ ಹಗ್ಗ ತಾನೆ, ಮನೇಲೇ ಪದ ಇರೋವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟೋದು? 'ಹೆಗಲಹುರಿ' ಅಂತ ಹಾಕಿ, ನಾಲ್ಕು ದಿನದಲ್ಲಿ ಬಳಕೆಗೆ ಬರುತ್ತೆ.
— ಶಿವಮೊಗ್ಗ

ಬೆನ್ನುಹುರಿ ಗೊತ್ತಿರೋ ರೋಗಿಗೆ ಹೆಗಲಹುರಿ ಹರಿದಿದೆ ಅಂದ್ರೆ ಲಕ್ವಾ ಹೊಡೀತು ಅಂದ್ಕೋತಾನೆ. ಸರಿಯಾದ ಪದ 'ಕಂಡರ'. ಸುಶ್ರುತಸಂಹಿತೆಯ ಲೆಕ್ಕದಲ್ಲಿ ಕಂಡರ 16, ಸ್ನಾಯು 900, ಪೇಶಿ 500, ಮೂರೂ ಬೇರೆಬೇರೆ. ಮಸಲ್ ಅಂದ್ರೆ ಪೇಶಿ, ಸ್ನಾಯು ಅಲ್ಲ. ಕನ್ನಡದಲ್ಲಿ ಸ್ನಾಯು ಅಂತ ಮಾಂಸಖಂಡಕ್ಕೆ ಹೆಸರಿಟ್ಟಿದ್ದೇ ಮೊದಲ ಎಡವಟ್ಟು, ಅದರ ಬಾಲಕ್ಕೆ ರಜ್ಜು ಕಟ್ಟಿದ್ದು ಎರಡನೇದು. ಇನ್ನು 'ನರಾನಾ' ಅಂದೋರನ್ನ ನೋಡಿ ನಗೋದು ಬೇಡ. ತಮಿಳಿನ ನರಂಬು ಈಗ್ಲೂ ನರ, ಟೆಂಡನ್ ಎರಡನ್ನೂ ಹೇಳುತ್ತೆ, ಗ್ರೀಕರ ನ್ಯೂರಾನ್, ಲ್ಯಾಟಿನ್ನಿನ ನರ್ವಸ್ ಕೂಡ ಮೊದಲು ಈ ಹುರಿಗೇ ಇದ್ದ ಹೆಸರು, ಅವೆರಡೂ ನಮ್ಮ ಸ್ನಾಯುವಿನ ದಾಯಾದಿಗಳು. (ನರ ಅನ್ನೋದೂ ಗ್ರೀಕಿಂದ ಬಂತು ಅಂತ ಯಾರೂ ಶುರು ಹಚ್ಕೋಬೇಡಿ, ಅದು ದ್ರಾವಿಡ.)
— ಮೈಸೂರು

ಮೇಷ್ಟ್ರೇ, 16 ಕಂಡರ ಎಣಿಸ್ಕೊಂಡು ಕೂತ್ರೆ ಆ ಕರಪತ್ರ ಮುಂದಿನ ವರ್ಷ ಬರುತ್ತೆ. ನಾನು ಫಿಸಿಯೋಥೆರಪಿ ಮಾಡೋಳು, ನನ್ನ ಚಿಂತೆ ಮೂರನೇ ಪದದ್ದು. 'ವಾಸಿ' ಅಂತ ಮಾತ್ರ ದಯವಿಟ್ಟು ಹಾಕ್ಬೇಡಿ. ಜ್ವರ ಬಿಡುತ್ತೆ, ಗಾಯ ಮಾಯುತ್ತೆ, ಮೂಳೆ ಕೂಡುತ್ತೆ ಅಂತ ನಮ್ಮಲ್ಲಿ ಒಂದೊಂದಕ್ಕೂ ಒಂದೊಂದು ಮಾತಿದೆ, ಇಂಗ್ಲಿಷಿನವರು ಗಾಯಕ್ಕೂ ಮೂಳೆಗೂ ಒಂದೇ ಹೀಲಿಂಗ್ ಅಂದ್ರೆ ನಾವ್ಯಾಕೆ ಅನ್ಬೇಕು. ಹತ್ತು ಹದಿನಾಲ್ಕು ದಿನಕ್ಕೆ ಚರ್ಮದ ಹೊಲಿಗೆ ಬಿಚ್ತಾರೆ, ನೋವೂ ಕಮ್ಮಿ ಆಗ್ತಾ ಬರುತ್ತೆ, 'ವಾಸಿ ಆಯ್ತು' ಅಂತ ಕೈ ತೂಗುಹಾಕಿರೋ ಜೋಳಿಗೆ ಕಳಚಿಟ್ಟು ಬಿಂದಿಗೆ ಎತ್ತುತ್ತಾರೆ. ಒಳಗೆ ಟೆಂಡನ್ನು ಮೂಳೆಗೆ ಇನ್ನೂ ಕೂಡೇ ಇರಲ್ಲ, ಬರೀ ದಾರದ ಮೇಲೆ ನಿಂತಿರುತ್ತೆ. ಜೋಳಿಗೆ ಸಾಮಾನ್ಯವಾಗಿ 4ರಿಂದ 6 ವಾರ, ಭಾರ ಎತ್ತೋ ವ್ಯಾಯಾಮ ಸುಮಾರು 12 ವಾರ ಆದ್ಮೇಲೆ, ಮತ್ತೆ ಹರಿಯೋದು ಹೆಚ್ಚಾಗಿ ಮೊದಲ ಆರು ತಿಂಗಳೊಳಗೇ. ಉಲ್ಟಾನೂ ಇದೆ, 2004ರಲ್ಲಿ ಅಮೆರಿಕದ ಒಂದು ವರದಿ ಬಂತು, ತುಂಬಾ ದೊಡ್ಡದಾಗಿ ಹರಿದಿದ್ದ 18 ಜನರಲ್ಲಿ 17 ಜನರಿಗೆ ಸ್ಕ್ಯಾನಲ್ಲಿ ಮತ್ತೆ ಹರಿದಿತ್ತು, ಆದ್ರೂ ವರ್ಷದ ಹೊತ್ತಿಗೆ ಹೆಚ್ಚಿನವರಿಗೆ ನೋವು ಚೆನ್ನಾಗೇ ಇಳಿದಿತ್ತು. ಇವರಿಗೆ ವಾಸಿ ಆಗಿದೆ ಅಂತೀರೋ ಇಲ್ಲ ಅಂತೀರೋ? ಅದಕ್ಕೇ 'ಕೂಡಿಕೊಳ್ಳುವುದು' ಬೇರೆ, 'ನೋವು ಹೋಗುವುದು' ಬೇರೆ ಅಂತ ಬಿಡಿಸಿ ಬರೀರಿ.

ಇನ್ನೊಂದು, ಬಹಳ ದಿನ ಹರಿದೇ ಇದ್ರೆ ಮಾಂಸಖಂಡ ಸೊರಗಿ ಅದರೊಳಗೆ ಕೊಬ್ಬು ಸೇರ್ಕೊಳ್ಳುತ್ತೆ. ಇದು ಮುಖ್ಯ, ಆಮೇಲೆ ಎಷ್ಟು ಹೊಲಿದ್ರೂ ಹಿಡಿಯೋದು ಕಷ್ಟ. ಆದ್ರೆ ಬರೀ 'ಕೊಬ್ಬು' ಅಂತ ಬರೆದ್ರೆ ಸಣಕಲು ಅಜ್ಜಿಯರು ಮುನಿಸ್ಕೋತಾರೆ.
— ಹಾಸನ

ಕಫ್‌ಗೆ 'ಹೆಗಲಪಟ್ಟಿ'?
— ಶಿವಮೊಗ್ಗ

ಬೇಡ. ಪಟ್ಟಿ ಅಂದ್ರೆ ಬ್ಯಾಂಡೇಜು. 'ಹೆಗಲ ಕೀಲಿನ ಸುತ್ತಲ ನಾಲ್ಕು ಮಾಂಸಖಂಡಗಳ ತುದಿ' ಅಂತ ಒಂದ್ಸಲ ಹೇಳಿ ಮುಗಿಸಿ.
— ಹಾಸನ

ಏನ್ ಹಚ್ಚೀರಿಪಾ ಎಲ್ಲಾರೂ. ಆಪರೇಷನ್ನು, ಶುಗರ್ರು, ಸ್ಕ್ಯಾನು ಎಲ್ಲಾ ನಡೀತಾವು, ಟೆಂಡನ್ ಒಂದಕ್ಕ ಮಡಿ ಬಂತೇನು? ಸುಶ್ರುತನ ಕಡೆಯಿಂದ ತಂದ್ರೂ ಸಾಲಾನೇ, ಇಂಗ್ಲೀಷಿಂದ ತಂದ್ರೂ ಸಾಲಾನೇ. ನಮ್ಮ ಕಡಿ ಮಂದಿ ಡಾಕ್ಟರ್ ಮುಂದ ಕುಂತು "ರಟ್ಟಿ ನರ ಹರದೈತ್ರಿ" ಅಂತಾರ, ಡಾಕ್ಟರಿಗೂ ತಿಳೀತದ.
— ಧಾರವಾಡ

ಡಾಕ್ಟರಿಗೆ ತಿಳಿಯುತ್ತೆ ಅಂತ ಪಾರಿಭಾಷಿಕ ಪದಾನೇ ಬೇಡ್ವೇ? ಹಾಗಿದ್ರೆ ಈ ಗುಂಪು ಯಾಕಿದೆ.
— ಮೈಸೂರು

ನಾನೂ ಅದನ್ನೇ ಕೇಳಾಕತ್ತೀನ್ರಿ.
— ಧಾರವಾಡ

ಎಲ್ರಿಗೂ ಥ್ಯಾಂಕ್ಸ್. 'ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ, ನರ ಅಲ್ಲ)' ಅಂತ ಒಂದ್ಸಲ ಹಾಕಿ ಮುಂದೆಲ್ಲ ಟೆಂಡನ್ ಅಂತಲೇ ಬಿಟ್ಟಿದೀನಿ. ಶೀರ್ಷಿಕೆ 'ಹೊಲಿದ ಟೆಂಡನ್ ಮೂಳೆಗೆ ಕೂಡಿಕೊಳ್ಳಲು'. ಕಂಡರಕ್ಕೆ ಜಾಗ ಸಿಗ್ಲಿಲ್ಲ ಮೇಷ್ಟ್ರೇ.
— ಬೆಂಗಳೂರು

ಬ್ರ್ಯಾಕೆಟ್ಟಿನೊಳಗೆ ಹುರಿ ಅಂತಾದ್ರೂ ಸೇರ್ತಲ್ಲ. ಆದ್ರೆ 'ಶೀರ್ಷಿಕೆ' ಯಾಕೆ, 'ತಲೆಬರಹ' ಇತ್ತಲ್ಲ?
— ಶಿವಮೊಗ್ಗ