ಗ್ರೈಂಡರ್ ಹಿಡಿಯುವ ಮುಂಚೆ ಒಮ್ಮೆ ಕೇಳಿ: ಕಸ್ಟಮ್ ಬೈಕು, ಕಾರು ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಅಡ್ಮಿನ್ ಬಿಡದೆ ಕೇಳಿದ್ದಕ್ಕೆ ಇವತ್ತು ಕೂತಿದ್ದೇನೆ. ನಾನು ಫ್ಯಾಬ್ರಿಕೇಟರ್. ಪೈಪು ಬಗ್ಗಿಸುವುದು, ತಗಡು ಬಡಿಯುವುದು, ವೆಲ್ಡಿಂಗ್, ಜೊತೆಗೆ ಬೇರೆ ಕಡೆ ಕತ್ತರಿಸಿ ಕೆಡಿಸಿದ ಫ್ರೇಮುಗಳನ್ನು ನೆಟ್ಟಗೆ ಮಾಡುವುದು. ಈ ಕೊನೆಯ ಕೆಲಸವೇ ಈಚೆಗೆ ಜಾಸ್ತಿ. ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ಕಾನೂನಿನ ವಿಷಯ ಮಾತ್ರ ಒಂದೊಂದು ದೇಶದಲ್ಲಿ ಒಂದೊಂದು ಥರ. ಅದನ್ನು ನೀವೇ ವಿಚಾರಿಸಿಕೊಳ್ಳಬೇಕು.

ಪ್ರಶ್ನೆ: ಸರ್, ಕೆಫೆ ರೇಸರ್ ಬೈಕುಗಳ ಕಾಲ ಮುಗಿಯಿತಾ? ಎಲ್ಲಿ ನೋಡಿದರೂ ಮಣ್ಣು ರಸ್ತೆಗೂ ಹೋಗುವ ಸ್ಕ್ರ್ಯಾಂಬ್ಲರ್, ಇಲ್ಲ ರೆಸ್ಟೋಮಾಡ್ ಅಂತಾರೆ. ಈಗ ಬೈಕು ಮಾಡಿಸುವುದಾದರೆ ಯಾವುದು ಮಾಡಿಸಲಿ?

ಉತ್ತರ: ಮುಗಿದಿಲ್ಲ, ಸುಸ್ತಾಗಿದೆ. ಅದು ಹುಟ್ಟಿದ್ದೇ ಅಂದಕ್ಕಾಗಿ ಅಲ್ಲ. 1950-60ರ ದಶಕದಲ್ಲಿ ಲಂಡನ್ನಿನ ಏಸ್ ಕೆಫೆಯಂಥ ಕಡೆ ಸೇರುತ್ತಿದ್ದ ಹುಡುಗರಿಗೆ ಬೇಕಾಗಿದ್ದದ್ದು ಗಂಟೆಗೆ 100 ಮೈಲಿ ವೇಗ. ಅದಕ್ಕೆ ಬೇಡದ್ದನ್ನೆಲ್ಲ ಕಳಚಿದರು, ಹ್ಯಾಂಡಲ್ ತಗ್ಗಿಸಿದರು, ಕಾಲಿಡುವ ಪೆಗ್ ಹಿಂದಕ್ಕೆ ತಂದರು. ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ ಅದಕ್ಕೆ ಟ್ರೈಟನ್ ಅಂದರು. ಒಂದರ ಫ್ರೇಮು ಚೆನ್ನ, ಇನ್ನೊಂದರ ಎಂಜಿನ್ ಚೆನ್ನ, ಅಷ್ಟೇ ಲೆಕ್ಕ.

2000ದ ನಂತರ ಆ ಶೈಲಿ ಮತ್ತೆ ಎದ್ದು ಬಂತು. ಕಂಪನಿಗಳು ಸುಮ್ನೆ ನೋಡುತ್ತಾ ಕೂರಲಿಲ್ಲ. 2013ರಲ್ಲಿ ಬಿಎಂಡಬ್ಲ್ಯು ಆರ್ ನೈನ್‌ಟಿ ಬಂತು. ಅದರಲ್ಲಿ ಹಿಂದೆ ಕೂರುವವರ ಸೀಟಿನ ಫ್ರೇಮನ್ನು ಬೋಲ್ಟ್ ಬಿಚ್ಚಿ ತೆಗೆಯಬಹುದು, ಕತ್ತರಿಸುವ ಕೆಲಸವೇ ಇಲ್ಲ. 2014ರಲ್ಲಿ ಡುಕಾಟಿ ತನ್ನ ಸ್ಕ್ರ್ಯಾಂಬ್ಲರ್ ತೋರಿಸಿತು. ನಾವು ತಿಂಗಳುಗಟ್ಟಲೆ ಕೂತು ತರುತ್ತಿದ್ದ ಲುಕ್ಕು ಶೋರೂಮಿನಲ್ಲೇ ಸಿಗತೊಡಗಿತು, ವಾರಂಟಿ ಸಮೇತ. ಇತ್ತ ಗ್ಯಾರೇಜುಗಳಲ್ಲಿ ಕಂದು ಸೀಟು, ಶಾಖ ತಡೆಯುವ ಪಟ್ಟಿ ಸುತ್ತಿದ ಸೈಲೆನ್ಸರ್ ಪೈಪು, ಪಾಡ್ ಫಿಲ್ಟರ್ (ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೇ ಸಿಕ್ಕಿಸುವ ಸಣ್ಣ ಏರ್ ಫಿಲ್ಟರ್), ಎಲ್ಲ ಒಂದೇ ಅಚ್ಚು. ಜನಕ್ಕೆ ಬೇಜಾರಾಯಿತು. (ಆ ಪಟ್ಟಿ ಒದ್ದೆಯಾದರೆ ನೀರು ಹಿಡಿದುಕೊಂಡು ಒಳಗೇ ಪೈಪು ತುಕ್ಕು ತಿನ್ನುತ್ತದೆ. ಬಿಚ್ಚಿ ನೋಡಿದವರಿಗೆ ಗೊತ್ತು.)

ಈಗ ನನ್ನ ಹತ್ತಿರ ಬರುವವರು ಕೇಳುವುದೇ ಬೇರೆ. ಹೊರಗೆ ಹಳೆಯದೇ ಕಾಣಲಿ, ಬ್ರೇಕು, ಶಾಕ್, ಲೈಟು, ವೈರಿಂಗ್ ಮಾತ್ರ ಈ ಕಾಲದ್ದಿರಲಿ ಅಂತಾರೆ. ರೆಸ್ಟೋಮಾಡ್ ಅಂದರೆ ಇದೇ. ಕಾರಿನಲ್ಲಿ ಈ ಮಾತಿಗೆ ದೊಡ್ಡ ಹೆಸರು ತಂದುಕೊಟ್ಟಿದ್ದು ಸಿಂಗರ್ ಎಂಬ ಕಂಪನಿ. 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ ಹಳೇ ಪೋರ್ಶೆ 911ಗಳನ್ನು ಹೊಸದಾಗಿ ಕಟ್ಟುತ್ತಾ ಬಂದವರು.

ಯಾವುದು ಮಾಡಿಸಲಿ ಅಂದಿರಿ. ದಿನಕ್ಕೆ ಎಷ್ಟು ಹೊತ್ತು ಓಡಿಸುತ್ತೀರಿ, ಹಿಂದೆ ಯಾರಾದರೂ ಕೂರುತ್ತಾರಾ, ಅದನ್ನು ಹೇಳಿ. ತಗ್ಗು ಹ್ಯಾಂಡಲ್ ಹಿಡಿದು ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಹೋಗಿ ಬನ್ನಿ, ನಿಮ್ಮ ಮಣಿಕಟ್ಟೇ ಉತ್ತರ ಹೇಳುತ್ತದೆ.

ಪ್ರಶ್ನೆ: ಅಣ್ಣಾ, ಹಳೇ 400 ಸಿಸಿ ಸಿಂಗಲ್ ಸಿಲಿಂಡರ್ ಬೈಕು ತಗೊಂಡೆ. ಏರ್ ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬ) ಕಿತ್ತು ಪಾಡ್ ಫಿಲ್ಟರ್ ಹಾಕಿದೆ. ಮುಂಚೆ ಚೆನ್ನಾಗಿತ್ತು, ಈಗ ಅರ್ಧ ಥ್ರಾಟಲ್‌ನಲ್ಲಿ ಮುಗ್ಗರಿಸುತ್ತದೆ. ಮೇನ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ) ಎರಡು ಸಲ ದೊಡ್ಡದು ಹಾಕಿದೆ, ಏನೂ ಪ್ರಯೋಜನ ಇಲ್ಲ. ಹಿಂದಿನ ಫ್ರೇಮು ಕತ್ತರಿಸಿ ಯು ಆಕಾರದ ಪೈಪು ಕೂಡ ಬೆಸೆಯಬೇಕು ಅಂತಿದ್ದೇನೆ.

ಉತ್ತರ: ತಮ್ಮಾ, ಮೊದಲು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಯಾವ ಜಾತಿಯದು ನೋಡು. ಮೇಲೆ ಅಗಲವಾದ ಮುಚ್ಚಳ, ಅದರ ಕೆಳಗೆ ತೆಳು ರಬ್ಬರ್ ಪೊರೆ ಇದ್ದರೆ ಅದು ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ) ಜಾತಿ. ಅದರಲ್ಲಿ ನೀನು ಆಕ್ಸಿಲರೇಟರ್ ತಿರುಗಿಸಿದರೆ ಒಳಗಿನ ಸ್ಲೈಡ್ ನೇರವಾಗಿ ಏಳುವುದಿಲ್ಲ. ಪೊರೆಯ ಮೇಲಿನ ಮತ್ತು ಕೆಳಗಿನ ಗಾಳಿಯ ಒತ್ತಡದ ವ್ಯತ್ಯಾಸ ಅದನ್ನು ಎಬ್ಬಿಸುತ್ತದೆ. ಅಂದರೆ ಕಾರ್ಬ್ಯುರೇಟರ್ ಬಾಯಿಯ ಹತ್ತಿರ ಗಾಳಿ ಶಾಂತವಾಗಿರಬೇಕು. ಏರ್ ಬಾಕ್ಸ್ ಮಾಡುತ್ತಿದ್ದ ಕೆಲಸ ಅದೇ. ಡಬ್ಬ ಖಾಲಿ ಕಾಣುತ್ತದೆ, ಒಳಗೆ ನಿಂತ ಗಾಳಿ ಇರುತ್ತದೆ. ಪಾಡ್ ಹಾಕಿದಾಗ ಪಕ್ಕದಿಂದ ಬೀಸುವ ಗಾಳಿ ನೇರ ಬಾಯಿಗೆ ಹೊಡೆಯುತ್ತದೆ. ಕೆಲವು ಪಾಡ್‌ಗಳ ರಬ್ಬರ್ ತುಟಿ ಬಾಯಿಯ ಅಂಚಿನ ಸಣ್ಣ ಗಾಳಿ ತೂತುಗಳನ್ನೇ ಮುಚ್ಚಿಬಿಡುತ್ತದೆ. ಬಿಚ್ಚಿ ಅದನ್ನು ಮೊದಲು ನೋಡು.

ಎರಡನೆಯದು, ನೀನು ಬದಲಾಯಿಸಿದ್ದು ತಪ್ಪು ಭಾಗ. ಪೆಟ್ರೋಲ್ ಅಳೆದು ಕೊಡುವುದು ಶುರುವಿನ ಚೂರು ತಿರುವಿಗೆ ಪೈಲಟ್ ಜೆಟ್, ಕಾಲು ತಿರುವಿನಿಂದ ಮುಕ್ಕಾಲು ತಿರುವಿನವರೆಗೆ ಸ್ಲೈಡಿನ ಸೂಜಿ, ಅದರ ಮೇಲೆ ಮೇನ್ ಜೆಟ್. ಮುಗ್ಗರಿಸುವುದು ಅರ್ಧದಲ್ಲಿ ಅಂದರೆ ಸೂಜಿಯ ಕ್ಲಿಪ್ ಒಂದು ಮೆಟ್ಟಿಲು ಇಳಿಸಿ ನೋಡು, ಸೂಜಿ ಮೇಲೆ ಏರುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಸ್ಪಾರ್ಕ್ ಪ್ಲಗ್ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತಲೇ ಅರ್ಥ. ಹಾಗೇ ಓಡಿಸಿದರೆ ಪಿಸ್ಟನ್ನಿಗೆ ಕುತ್ತು. ಸುಲಭದ ದಾರಿ ಬೇಕಾ? ಹಳೇ ಏರ್ ಬಾಕ್ಸ್ ಹುಡುಕಿ ವಾಪಸ್ ಹಾಕು.

ಇನ್ನು ಫ್ರೇಮು. ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟು ಎಲ್ಲಿದೆ ನೋಡು. ಅದರ ಹಿಂದೆ ಚಾಚಿಕೊಂಡ ಪೈಪು ಹೊರುವುದು ಮಡ್‌ಗಾರ್ಡು, ಲೈಟು, ಹಿಂದೆ ಕೂತವರ ಭಾರ. ಅದರ ಮುಂದಿನದು ಇಡೀ ಬೈಕಿನ ಹೊಡೆತ ತಿನ್ನುತ್ತದೆ. ಮುಂದಿನದನ್ನು ಮುಟ್ಟಬೇಡ. ಹಿಂದಿನದನ್ನು ಕತ್ತರಿಸಿದರೂ ಯು ಪೈಪನ್ನು ಸುಮ್ನೆ ತುದಿಗೆ ತುದಿ ಇಟ್ಟು ಬೆಸೆಯಬಾರದು. ಒಳಗೆ ಒಂದು ತುಂಡು ಕೊಳವೆ ತೂರಿಸಿ, ಹೊರಗಿನ ಪೈಪಿನಲ್ಲಿ ತೂತು ಕೊರೆದು ಅಲ್ಲೂ ಬೆಸೆಯಬೇಕು. ಇದು ಪುಸ್ತಕದಿಂದ ಕಲಿತದ್ದಲ್ಲ. ಶುರುವಿನಲ್ಲಿ ನಾನೇ ಒಂದು ಬೈಕಿಗೆ ತುದಿಗೆ ತುದಿ ಬೆಸೆದು ಮೇಲೆ ಚೆಂದ ಗ್ರೈಂಡ್ ಮಾಡಿ ಕೊಟ್ಟಿದ್ದೆ. ಗ್ರೈಂಡ್ ಮಾಡಿದ್ದೇ ಬೆಸುಗೆಯ ಬಲ ತೆಗೆಯಿತು. ಎಂಟು ತಿಂಗಳಿಗೆ ಬಿರುಕು. ಅದೃಷ್ಟಕ್ಕೆ ನಿಂತ ಬೈಕಿನಲ್ಲಿ ಕಂಡಿತು.

ಪ್ರಶ್ನೆ: ಸರ್, ನನ್ನ ಎತ್ತರ ಕಡಿಮೆ. ಸ್ಕ್ರ್ಯಾಂಬ್ಲರ್ ಥರದ ಬೈಕು ಇಷ್ಟ, ನಿಲ್ಲಿಸಿದಾಗ ಕಾಲು ಸರಿಯಾಗಿ ಎಟಕುವುದಿಲ್ಲ. ಹಿಂದಿನ ಶಾಕ್ ಚಿಕ್ಕದು ಹಾಕಿಸಿ ಅಂತ ಒಬ್ಬರು ಹೇಳಿದರು.

ಉತ್ತರ: ಮೇಡಂ, ಶಾಕಿಗೆ ಕೈ ಹಾಕುವ ಮುಂಚೆ ಸೀಟು ಬಿಚ್ಚಿಸಿ. ಎತ್ತರಕ್ಕಿಂತ ಅಗಲವೇ ಎಷ್ಟೋ ಸಲ ತೊಂದರೆ. ಟ್ಯಾಂಕಿನ ಹತ್ತಿರ ಫೋಮ್ ಎರಡೂ ಕಡೆ ಕೆತ್ತಿದರೆ ಕಾಲು ನೇರ ಇಳಿಯುತ್ತದೆ. ಜೊತೆಗೆ ಅಡಿ ದಪ್ಪ ಇರುವ ಬೂಟು. ಅರ್ಧ ಜನಕ್ಕೆ ಇಷ್ಟೇ ಸಾಕು.

ಹಿಂದಿನದನ್ನಷ್ಟೇ ತಗ್ಗಿಸಿದರೆ ಏನಾಗುತ್ತದೆ ಲೆಕ್ಕ ಹಾಕಿ. ಎರಡು ಚಕ್ರಗಳ ನಡುವೆ 1400 ಮಿಲಿಮೀಟರ್ ಇದೆ ಅಂದುಕೊಳ್ಳಿ. ಹಿಂದೆ 25 ಮಿಲಿಮೀಟರ್ ಇಳಿಸಿದರೆ ಇಡೀ ಬೈಕು ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಒಂದು ಡಿಗ್ರಿ ತಾನೇ ಅನ್ನಿಸುತ್ತದೆ. ಮುಂದಿನ ಫೋರ್ಕ್ ಅಷ್ಟು ಮಲಗಿದರೆ ತಿರುವಿನಲ್ಲಿ ಹ್ಯಾಂಡಲ್ ಜಡವಾಗುವುದು ಕೈಗೆ ಗೊತ್ತಾಗುತ್ತದೆ. ಹಾಗಾಗಿ ಮುಂದೆಯೂ ಫೋರ್ಕನ್ನು ಕ್ಲ್ಯಾಂಪಿನಲ್ಲಿ ಮೇಲಕ್ಕೆ ಸರಿಸಿ ಸರಿದೂಗಿಸಬೇಕು. ಸರಿಸಿದ ಮೇಲೆ ಫೋರ್ಕ್ ಪೂರ್ತಿ ಒತ್ತಿದಾಗ ಚಕ್ರ ಎಲ್ಲಿಗೂ ತಾಗಬಾರದು. ಸೈಡ್ ಸ್ಟ್ಯಾಂಡ್ ಕೂಡ ಕುಗ್ಗಿಸಿ. ಮರೆತರೆ ಬೈಕು ಹೆಚ್ಚೂಕಡಿಮೆ ನೆಟ್ಟಗೆ ನಿಂತು ಆಚೆ ಕಡೆ ಬೀಳುತ್ತದೆ.

ಪ್ರಶ್ನೆ: ಕಾರಿನ ಸ್ಟ್ಯಾನ್ಸ್ ಬಗ್ಗೆ ಏನಂತೀರಿ? ನೆಲಕ್ಕೆ ಅಂಟಿದ ಹಾಗೆ ಇಳಿಸುವುದು, ಚಕ್ರ ವಾಲಿಸುವುದು. ಮನೆಯಲ್ಲಿ ಹುಚ್ಚು ಅಂತಾರೆ.

ಉತ್ತರ: ಮನೆಯವರ ಜೊತೆ ನಾನು ಜಗಳಕ್ಕೆ ಬರುವುದಿಲ್ಲ. ಇಳಿಸುವ ಚಟ ಹಳೆಯದು ಅಂತ ಮಾತ್ರ ಹೇಳಬಲ್ಲೆ. ಕಾರನ್ನು ನೆಲಮಟ್ಟಕ್ಕೆ ಇಳಿಸಿ ಓಡಿಸುವ ಕ್ಯಾಲಿಫೋರ್ನಿಯಾದ ಲೋರೈಡರ್‌ಗಳ ಕಥೆ ಕೇಳಿ. ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕಾರಿನ ಮೈ ಕೆಳಗೆ ಇಳಿಯಬಾರದು ಅಂತ 1958ರಲ್ಲಿ ಅಲ್ಲಿ ಕಾನೂನು ಬಂತು. ಮರುವರ್ಷವೇ ರಾನ್ ಅಗಿರ್ರೆ ಎಂಬಾತ ತನ್ನ ಕಾರ್ವೆಟ್‌ಗೆ ಹೈಡ್ರಾಲಿಕ್ ಪಂಪು ಕೂರಿಸಿದ. ಪೊಲೀಸರು ಕಂಡರೆ ಕಾರು ಏಳುತ್ತಿತ್ತು, ಹೋದ ಮೇಲೆ ಕೂರುತ್ತಿತ್ತು. ಕಾರು ಕುಣಿಸುವ ಆಟಕ್ಕೆ ಅದೇ ಬೀಜ. ಆ ಎತ್ತರದ ನಿಯಮ, ಅದರ ಜೊತೆ ಕೆಲವು ಊರುಗಳು ಹಾಕಿದ್ದ ಕ್ರೂಸಿಂಗ್ (ಬೀದಿಯಲ್ಲಿ ಸುಮ್ನೆ ಕಾರು ಸುತ್ತಿಸುವುದು) ನಿಷೇಧ, ಎರಡೂ ತೆಗೆದದ್ದು 2024ರ ಜನವರಿಯಲ್ಲಿ!

ಕೆಲಸದ ಮಾತಿಗೆ ಬರೋಣ. ಚಕ್ರ ವಾಲಿಸಿದಷ್ಟೂ ಟೈರು ಒಳ ಅಂಚಿನಲ್ಲಿ ಮಾತ್ರ ನಿಲ್ಲುತ್ತದೆ. ಅಲ್ಲೇ ಬೇಗ ಸವೆಯುತ್ತದೆ, ಹೊರಗಿನಿಂದ ನೋಡಿದರೆ ಹೊಸದರಂತೆ ಕಾಣುತ್ತದೆ. ಬ್ರೇಕ್ ಹಿಡಿದಾಗ ರಸ್ತೆಗೆ ತಾಗುವ ರಬ್ಬರೇ ಕಡಿಮೆ. ಪ್ರದರ್ಶನಕ್ಕೆ ಸರಿ, ದಿನದ ಓಡಾಟಕ್ಕೆ ನಾನು ಮಾಡಿಕೊಡುವುದಿಲ್ಲ. ಇಳಿಸಲೇಬೇಕು ಅಂದರೆ ಏರ್ ಸಸ್ಪೆನ್ಷನ್ ವಾಸಿ, ನಿಲ್ಲಿಸಿದಾಗ ಇಳಿಸಿ, ಓಡಿಸುವಾಗ ಏರಿಸಿ. ಗಾಳಿ ಚೀಲ ಎಲ್ಲೂ ಉಜ್ಜಬಾರದು, ಉಜ್ಜಿದರೆ ತೂತು. ಸ್ಪ್ರಿಂಗ್ ಕತ್ತರಿಸುವ ಯೋಚನೆ ಮಾತ್ರ ಬೇಡವೇ ಬೇಡ. ಚಕ್ರ ಹಳ್ಳಕ್ಕೆ ಇಳಿದಾಗ ಗಿಡ್ಡ ಸ್ಪ್ರಿಂಗ್ ತನ್ನ ಜಾಗದಿಂದಲೇ ಜಾರುತ್ತದೆ.

ತಮಾಷೆ ಏನೆಂದರೆ, ಈಗ ಇನ್ನೊಂದು ಗುಂಪು ಸ್ಪೋರ್ಟ್ಸ್ ಕಾರನ್ನು ಎತ್ತರ ಮಾಡಿ ಮಣ್ಣಿಗೆ ಇಳಿಸುತ್ತಿದೆ. ಹಳೇ 911ಗಳನ್ನು ಗ್ಯಾರೇಜಿನವರು ಹೀಗೆ ಮಾಡುವುದು ನೋಡಿ ನೋಡಿ, 2022ರಲ್ಲಿ ಪೋರ್ಶೆಯೇ 911 ಡಕಾರ್ ತಂದಿತು, ಲಂಬೋರ್ಗಿನಿ ಹುರಾಕಾನ್ ಸ್ಟೆರಾಟೊ ತಂದಿತು.

ಪ್ರಶ್ನೆ: ಕಾರಿನ ಮೈ ಅಗಲ ಮಾಡುವ ವೈಡ್ ಬಾಡಿ ಕಿಟ್ ಹಾಕಿಸಬಹುದಾ?

ಉತ್ತರ: ಹಾಕಿಸಬಹುದು, ಆದರೆ ವಾಪಸ್ ಬರುವ ದಾರಿ ಇರುವುದಿಲ್ಲ. ಜಪಾನಿನ ಆರ್‌ಡಬ್ಲ್ಯುಬಿ ಎಂಬ ಗ್ಯಾರೇಜಿನ ಅಕಿರಾ ನಕಾಯ್ ತಾನೇ ನಿಂತು ಪೋರ್ಶೆಯ ಫೆಂಡರ್ (ಚಕ್ರದ ಮೇಲಿನ ತಗಡು) ಕೊಯ್ಯುತ್ತಾನೆ, ನೋಡಲು ಎದೆ ಝಲ್ಲೆನ್ನುತ್ತದೆ. ಆತನ ಕೈಗೆ ಅಭ್ಯಾಸ ಇದೆ. ನಾನಾದರೆ ಮೊದಲು 3ಡಿ ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಚಕ್ರ ತಿರುಗಿಸಿ ನೋಡಿ, ಆಮೇಲೆ ಕೊಯ್ಯುತ್ತೇನೆ. ಸ್ಕ್ಯಾನರ್ ಬಂದ ಮೇಲೆ ನನ್ನ ಕೆಲಸದಲ್ಲಿ ಆದ ದೊಡ್ಡ ಬದಲಾವಣೆ ಇದೇ. ಕೊಯ್ದ ತಗಡಿನ ಅಂಚಿಗೆ ಬಣ್ಣ, ಸೀಲರ್ ಹಚ್ಚದೆ ಬಿಟ್ಟರೆ ಕಿಟ್ಟಿನ ಅಡಿಯಲ್ಲೇ ತುಕ್ಕು ಶುರು.

ಪ್ರಶ್ನೆ: ಬಣ್ಣ ಹೊಡೆಸಲಾ, ಬಣ್ಣದ ಫಿಲ್ಮ್ ಅಂಟಿಸುವ ವ್ರಾಪ್ ಮಾಡಿಸಲಾ?

ಉತ್ತರ: ಅಡಿಯ ಬಣ್ಣ ಗಟ್ಟಿಯಿದ್ದು, ನಾಳೆ ಮನಸ್ಸು ಬದಲಾಗಬಹುದು ಅನ್ನಿಸಿದರೆ ವ್ರಾಪ್. ಬಣ್ಣ ಏಳುತ್ತಿದ್ದರೆ ವ್ರಾಪ್ ಬೇಡ, ಕಿತ್ತಾಗ ಬಣ್ಣವೂ ಜೊತೆಗೇ ಬರುತ್ತದೆ. ಕಾಸ್ಟ್ ಫಿಲ್ಮ್ ಕೇಳಿ ಹಾಕಿಸಿ. ಅಗ್ಗದ ಫಿಲ್ಮ್ ಬಾಗಿದ ಜಾಗದಲ್ಲಿ ಕುಗ್ಗಿ ಅಂಚು ಬಿಡುತ್ತದೆ.

ಪ್ರಶ್ನೆ: ತಂದೆಯವರ ಹಳೇ ಕಾರು ಇದೆ. ಎಂಜಿನ್ ಸೀಜ್ ಆಗಿದೆ. ಎಲೆಕ್ಟ್ರಿಕ್ ಮಾಡಿಸೋಣ ಅಂತ ಆಸೆ. ತಪ್ಪಾ?

ಉತ್ತರ: ತಪ್ಪಲ್ಲ, ಆದರೆ ಜಗಳ ಇರುವ ವಿಷಯ. 2017ರಲ್ಲಿ ಜಾಗ್ವಾರ್ ತನ್ನ ಹಳೇ ಇ-ಟೈಪನ್ನೇ ಎಲೆಕ್ಟ್ರಿಕ್ ಮಾಡಿ ತೋರಿಸಿತು. ಫ್ರಾನ್ಸ್ 2020ರಲ್ಲಿ ಇಂಥ ಬದಲಾವಣೆಗೆ ನಿಯಮ ಮಾಡಿತು. ಐದು ವರ್ಷ ದಾಟಿದ ಕಾರಿಗೆ, ಮೂರು ವರ್ಷ ದಾಟಿದ ಬೈಕಿಗೆ ಅವಕಾಶ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಮಾತ್ರ, ಹಾಗೆ ಬದಲಾಯಿಸಿದ ಗಾಡಿಯನ್ನು ಐತಿಹಾಸಿಕ ವಾಹನ ಅಂತ ಒಪ್ಪುವುದಿಲ್ಲ. ಎರಡೂ ಕಡೆಯವರ ಮಾತಿನಲ್ಲಿ ಅರ್ಥ ಇದೆ.

ಮೋಟರು ಕೂರಿಸುವುದು ಸುಲಭ. ಕಷ್ಟ ಇರುವುದು ಬ್ಯಾಟರಿಯಲ್ಲಿ. ಎಷ್ಟೋ ಜನ ಅಪಘಾತವಾದ ನಿಸ್ಸಾನ್ ಲೀಫ್ ಎಲೆಕ್ಟ್ರಿಕ್ ಕಾರಿನ ಭಾಗ ಬಳಸುತ್ತಾರೆ. ಮೊದಲ ಲೀಫ್‌ನ ಬ್ಯಾಟರಿ 24 ಕಿಲೋವ್ಯಾಟ್-ಅವರ್. ಕಿಲೋಮೀಟರಿಗೆ 150 ವ್ಯಾಟ್-ಅವರ್ ತಿಂದರೆ ಕಾಗದದ ಮೇಲೆ 160 ಕಿಲೋಮೀಟರ್. ಹಳೇ ಬ್ಯಾಟರಿ ಅಷ್ಟು ಹಿಡಿದಿಟ್ಟುಕೊಳ್ಳುವುದಿಲ್ಲ, ಪೂರ್ತಿ ಖಾಲಿಯೂ ಮಾಡಬಾರದು. ನೂರು ಅಂದುಕೊಳ್ಳಿ. ಭಾರ ಎಲ್ಲ ಹಿಂದೆ ಹೇರಿದರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ, ಹಾಗಾಗಿ ಮೊದಲು ಎರಡೂ ಆಕ್ಸಲ್ ತೂಗಿಸಿ ಬರೆದಿಡಿ. ಇನ್ನೊಂದು ಮರೆಯುವ ವಿಷಯ: ನಿಮ್ಮ ಕಾರಿನಲ್ಲಿ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರ್ ಇದ್ದರೆ ಅದು ಎಂಜಿನ್ನಿನ ವ್ಯಾಕ್ಯೂಮ್ ಮೇಲೆ ನಡೆಯುತ್ತಿತ್ತು. ಎಂಜಿನ್ ಹೋದರೆ ಅದೂ ಹೋಯಿತು. ಬೇರೆ ವ್ಯಾಕ್ಯೂಮ್ ಪಂಪು ಬೇಕು. ಹೈ ವೋಲ್ಟೇಜ್ ವೈರಿಂಗ್ ಮನೆಯಲ್ಲಿ ಕಲಿಯುವ ಕೆಲಸ ಅಲ್ಲ, ತರಬೇತಿ ಇದ್ದವರೇ ಮಾಡಲಿ.

ಸೀಜ್ ಆದ ಎಂಜಿನ್ ಗುಜರಿಗೆ ಹಾಕಬೇಡಿ. ಎಣ್ಣೆ ಹಚ್ಚಿ, ಚೀಟಿ ಅಂಟಿಸಿ ಇಡಿ. ಚಾಸಿಗೆ ಹೊಸ ತೂತು ಕೊರೆಯದೆ, ಹಳೇ ಎಂಜಿನ್ ಮೌಂಟಿಗೇ ಮೋಟರಿನ ಚೌಕಟ್ಟು ಕೂರಿಸುವವರ ಹತ್ತಿರ ಹೋಗಿ. ಮುಂದೆ ನಿಮ್ಮ ಮಕ್ಕಳಿಗೆ ಎಂಜಿನ್ನೇ ಬೇಕು ಅನ್ನಿಸಬಹುದು, ಅಲ್ವಾ?

ಪ್ರಶ್ನೆ: ಎಲ್ಲ ಸರಿ ಗುರುಗಳೇ, ಸದ್ದೇ ಇಲ್ಲದ ಮೇಲೆ ಅದೆಂಥ ಕಸ್ಟಮ್? ನನ್ನ ಕಾರಿಗೆ ಪಟಾಕಿ ಥರ ಸದ್ದು ಬರುವ ಇಸಿಯು ಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್) ಹಾಕಿಕೊಡಿ.

ಉತ್ತರ: ಇಲ್ಲ. ಆ ಸದ್ದು ಬರುವುದು ಉಳಿದ ಪೆಟ್ರೋಲ್ ಸೈಲೆನ್ಸರ್ ಪೈಪಿನಲ್ಲಿ ಉರಿಯುವುದರಿಂದ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಹಾಳಾಗುತ್ತದೆ, ಶಕ್ತಿ ಒಂದು ಚೂರೂ ಹೆಚ್ಚುವುದಿಲ್ಲ. ಪಕ್ಕದ ಮನೆ ಮಗು ಏಳುತ್ತದೆ, ಅಷ್ಟೇ.

ಪ್ರಶ್ನೆ: ಅಣ್ಣಾ, ಪಾಡ್ ಫಿಲ್ಟರಿನವನು ಮತ್ತೆ ಬಂದೆ. ನೀವು ಹೇಳಿದ ಹಾಗೇ ರಬ್ಬರ್ ತುಟಿ ಒಂದು ತೂತು ಮುಚ್ಚಿತ್ತು. ಆದರೂ ಏರ್ ಬಾಕ್ಸೇ ವಾಪಸ್ ಹಾಕಿ ಹಳೇ ಜೆಟ್ ಕೂರಿಸಿದೆ. ಈಗ ಬೆಣ್ಣೆ ಥರ ಎಳೆಯುತ್ತದೆ. ಆದರೆ ಸೀಟಿನ ಕೆಳಗೆ ಆ ಡಬ್ಬ ಅಸಹ್ಯ ಕಾಣುತ್ತದೆ. ಫ್ರೇಮು ಇನ್ನೂ ಕತ್ತರಿಸಿಲ್ಲ.

ಉತ್ತರ: ಕತ್ತರಿಸದೇ ಇದ್ದದ್ದು ಒಳ್ಳೆಯದಾಯಿತು. ಡಬ್ಬ ಮುಚ್ಚಲು ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ತಗಡು ಬಡಿದು ಪ್ಯಾನಲ್ ಮಾಡೋಣ, ಹಳೇ ಪ್ಯಾನಲಿನ ರಬ್ಬರ್ ಗುಂಡಿಗಳಿಗೇ ಕೂರುವ ಹಾಗೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಇಟ್ಟು, ಎಡಗಡೆಯದು ಒಂದು, ಬಲಗಡೆಯದು ಒಂದು ಫೋಟೋ ಹಾಕು. ಕಿಕ್ಕರ್ ಹೊಡೆಯುವಾಗ ಕಾಲು ಎಲ್ಲಿ ತಾಗುತ್ತದೆ ಅಂತ ರಟ್ಟಿನ ಮೇಲೆ ಗುರುತು ಮಾಡುವುದು ಮರೆಯಬೇಡ.