ಹೊಸ ಸಿಂಥ್-ಪಾಪ್ ಎಲ್ಲಿ ಹುಡುಕ್ತೀರ? ಲಿಸ್ಟ್ ಬೇಡ, ದಾರಿ ಹೇಳಿ

ಜಯನಗರ್ ಜಂಕ್ಷನ್:
ಗುರುಗಳೇ ಒಂದು ಸಹಾಯ ಬೇಕು. ಮೂರು ವರ್ಷದಿಂದ ಸ್ಪಾಟಿಫೈಗೆ ದುಡ್ಡು ಕಟ್ತಾ ಇದೀನಿ, ಸೋಮವಾರ ಬಂತು ಅಂದ್ರೆ ಅದೇ ಆರಿಸಿ ಕಳಿಸೋ ಡಿಸ್ಕವರ್ ವೀಕ್ಲಿ ಪಟ್ಟಿಯ 30 ಹಾಡು ಬಸ್ಸಲ್ಲಿ ಕೂತು ತಪ್ಪದೆ ಕೇಳ್ತೀನಿ, ಆದ್ರೆ ಈಗೀಗ ಎಲ್ಲಾ ಒಂದೇ ಹಿಟ್ಟಲ್ಲಿ ಹುಯ್ದ ದೋಸೆ ಥರ. ಯಾವ್ದೋ ಒಂದು ಸಿಂಥ್ (ಸಿಂಥಸೈಜರ್, ಅಂದ್ರೆ ಎಲೆಕ್ಟ್ರಾನಿಕ್ ಕೀಬೋರ್ಡ್) ಹಾಡು ಚೆನ್ನಾಗಿದೆ ಅಂತ ಎರಡು ಸಲ ಕೇಳಿದ್ದೇ ತಪ್ಪಾಯ್ತು, ಅವತ್ತಿಂದ ವಾರವಾರ ಅದರ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳನ್ನೇ ಕಳಿಸ್ತಾ ಇದೆ. ಇನ್ನೂ ಯಾರೂ ಗುರುತಿಸದ ಇಂಡೀ (ದೊಡ್ಡ ಕಂಪನಿ ಹಂಗಿಲ್ಲದೆ ಹಾಡೋ), ಸಿಂಥ್-ಪಾಪ್ ಮಂದೀನ ನೀವು ಹೇಗೆ ಹುಡುಕ್ತೀರ? ಕೈ ಮುಗಿದು ಕೇಳ್ತೀನಿ, ಟಾಪ್ 10 ಲಿಸ್ಟ್ ಹಾಕ್ಬೇಡಿ.

ಮೋಡೆಮ್ ಮಂಜ:
ಬೇಡ ಅಂದ್ರೂ ಒಂದು ಹೆಸರು ಹಾಕೇ ಹಾಕ್ತೀನಿ. ಮ್ಯಾಗ್ಡಲೀನಾ ಬೇ. ಲಾಸ್ ಏಂಜಲಿಸ್ ಜೋಡಿ, ಮೂಲ ಮಯಾಮಿ, ಹೈಸ್ಕೂಲಲ್ಲಿ ಪ್ರೋಗ್ ರಾಕ್ ಬಾರಿಸ್ಕೊಂಡಿದ್ದೋರು ಆಮೇಲೆ ಪಾಪ್‌ಗೆ ಬಂದ್ರು. 2021ರ ಆಲ್ಬಮ್ಮಿಂದ ಶುರು ಮಾಡು.

ಕ್ಯಾಸೆಟ್ ಕಾಲದವ:
ಮಂಜಾ ಅದು ಹೊಸಬ್ರಾ? 2024ರ ಆಲ್ಬಮ್ ಬಂದ್ಮೇಲೆ ಎಲ್ಲಾ ಪತ್ರಿಕೆಯವರ ವರ್ಷದ ಕೊನೆ ಪಟ್ಟೀಲೂ ಅವರೇ ಕೂತಿದ್ರು. ಕನ್ನಡದಲ್ಲಿ ಹೊಸ ಹುಡುಗ ಯಾರಿದಾರೆ ಅಂದ್ರೆ ಯಶ್ ಅಂದ ಹಾಗಾಯ್ತು.

ಮೋಡೆಮ್ ಮಂಜ:
ಅಣ್ಣಾ ಅವನಿಗೆ ಗೊತ್ತಿಲ್ಲ ಅಂದ್ರೆ ಅವನಿಗೆ ಹೊಸಬ್ರೇ ತಾನೆ. ಕೇಳೋರ ಸಂಖ್ಯೆ ನೋಡಿ ಪ್ರೀತಿ ಮಾಡೋ ಚಾಳಿ ನಂಗಿಲ್ಲ.

ಬರ್ಲಿನ್ ಭಟ್ಟ:
ಎಲ್ಲರೂ ಆಲ್ಗಾರಿದಮ್‌ಗೆ ಬೈಯೋದು ಫ್ಯಾಶನ್ ಆಗಿದೆ ಮಾರಾಯ್ರೆ, ನಾನು ಅದರ ಪರ ಒಂದು ಮಾತು ಹೇಳ್ತೇನೆ. ಬೆಲರೂಸಿನ ಮಿನ್ಸ್ಕ್ ಊರಿನ ಮೋಲ್ಚಾತ್ ದೋಮಾ ಬ್ಯಾಂಡ್ ಗೊತ್ತುಂಟಲ್ಲ? ಮೂರು ಜನ, ಹಾಡೋದು ರಷ್ಯನ್ನಲ್ಲಿ, ಹಳೇ ಡ್ರಮ್ ಮಶೀನಿನ ಟಕ್ ಟಕ್, ಬಾವಿ ಒಳಗೆ ನಿಂತು ಹಾಡಿದ ಹಾಗೆ ಸ್ವರ. 2018ರಲ್ಲಿ ಅವರ ಎರಡನೇ ಆಲ್ಬಮ್ಮನ್ನ ಇಲ್ಲಿ ಜರ್ಮನಿಯ ಡೆಟ್ರಿಟಿ ಅನ್ನೋ ಪುಟ್ಟ ಲೇಬಲ್, ಅಂದ್ರೆ ರೆಕಾರ್ಡ್ ಕಂಪನಿ, ತಂತು. ಯಾರಿಗೂ ಗೊತ್ತಿರ್ಲಿಲ್ಲ. ಯೂಟ್ಯೂಬಲ್ಲಿ ಯಾರೋ ಪೂರ್ತಿ ಆಲ್ಬಮ್ ಹಾಕಿದ್ರು, ಅದನ್ನ ಯೂಟ್ಯೂಬು ಕಂಡಕಂಡವರ ಪಕ್ಕದ ಪಟ್ಟೀಲಿ ತುರುಕ್ತಾ ಹೋಯ್ತು, ಲಕ್ಷಗಟ್ಟಲೆ ಜನ ಕೇಳಿದ್ರು, 2020ರಲ್ಲಿ ಅಮೆರಿಕದ ಸೇಕ್ರೆಡ್ ಬೋನ್ಸ್ ಲೇಬಲ್ ಮತ್ತೆ ಬಿಡುಗಡೆ ಮಾಡ್ತು, ಅದೇ ವರ್ಷ ಟಿಕ್‌ಟಾಕ್ ತುಂಬ ಅವರದ್ದೇ ಹಾಡು. ಯಾವ ವಿಮರ್ಶಕನೂ ಕೈ ಹಿಡಿದು ಮೇಲೆ ತಂದದ್ದಲ್ಲ. ಮಶೀನು ತಂತು.

ಸರಸ್ವತಿಪುರಂ:
ಭಟ್ರೆ ಒಂದು ನಿಮಿಷ. ಆ ಆಲ್ಬಮ್ ಯೂಟ್ಯೂಬಿಗೆ ಹಾಕಿದ್ದು ಯಾರು? ಇಂಥದ್ದೇ ಪೋಸ್ಟ್-ಪಂಕ್ ಶೈಲಿಯ ಅಪರೂಪದ ಹಾಡು ಹುಡುಕಿ ಹುಡುಕಿ ಹಾಕೋ ಒಂದು ಅಭಿಮಾನಿ ಚಾನೆಲ್ಲು. ಅಂದ್ರೆ ಮೊದಲು ಒಬ್ಬ ಮನುಷ್ಯ ಕೂತು ಕೇಳಿ, ಇದು ಚೆನ್ನಾಗಿದೆ ಅಂತ ಆರಿಸಿದಾನೆ, ಮಶೀನು ಮಾಡಿದ್ದು ಹಂಚೋ ಕೆಲಸ ಅಷ್ಟೆ. ಪೇಪರ್ ಹಾಕೋ ಹುಡುಗನಿಗೆ ಸಂಪಾದಕನ ಶಾಲು ಹೊದಿಸ್ಬೇಡಿ.

ಬರ್ಲಿನ್ ಭಟ್ಟ:
ಒಪ್ಪಿದೆ ಮೇಡಂ. ಆದ್ರೆ ಹಂಚದಿದ್ರೆ ಅದೂ ಅಲ್ಲೇ ಕೊಳೀತಿತ್ತಲ್ವ?

ಸರಸ್ವತಿಪುರಂ:
ಕೊಳೀತಿತ್ತು ನಿಜ. ಅದಕ್ಕೂ ನಮ್ಮಲ್ಲೇ ಒಂದು ಉದಾಹರಣೆ ಇದೆ ಕೇಳಿ. ಚರಣ್‌ಜಿತ್ ಸಿಂಗ್ ಅಂತ, ಬಾಂಬೆ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರು, ಸ್ಟೀಲ್ ಗಿಟಾರು ನುಡಿಸ್ತಿದ್ದವರು. 1982ರಲ್ಲಿ ರೋಲೆಂಡ್ ಕಂಪನಿಯ 808 ಡ್ರಮ್ ಮಶೀನು, 303 ಬೇಸ್ ಸಿಂಥ್, ಜೂಪಿಟರ್ 8 ಸಿಂಥ್ ಈ ಮೂರು ಯಂತ್ರ ಇಟ್ಕೊಂಡು ಹತ್ತು ರಾಗ ಡಿಸ್ಕೋ ತಾಳಕ್ಕೆ ಕೂಡಿಸಿ ರೆಕಾರ್ಡ್ ಮಾಡಿದ್ರು. ಕೇಳಿದ್ರೆ ನಿನ್ನೆ ಮಾಡಿದ ಹಾಗಿದೆ. ಶಿಕಾಗೋದಲ್ಲಿ ಅದೇ 303ರ ಕುಂಯ್ ಕುಂಯ್ ಶಬ್ದದ ಆಸಿಡ್ ಹೌಸ್ ಅನ್ನೋ ಡ್ಯಾನ್ಸ್ ಸಂಗೀತದ ರೆಕಾರ್ಡ್ ಬಂದಿದ್ದು 87ರಲ್ಲಿ! ಇಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ. ಕೊನೆಗೆ ಹಾಲೆಂಡಿನ ಒಬ್ಬ ರೆಕಾರ್ಡ್ ಸಂಗ್ರಾಹಕ ಅದನ್ನ ಹುಡುಕಿ ತೆಗೆದು 2010ರಲ್ಲಿ ಮತ್ತೆ ಅಚ್ಚು ಹಾಕಿದ, ಆಮೇಲೆ ಈ ಅಜ್ಜನನ್ನ ಯುರೋಪಿಗೆ ಕರೆಸಿ ನುಡಿಸಿದ್ರು. 2015ರಲ್ಲಿ ತೀರ್ಕೊಂಡ್ರು. ಇಪ್ಪತ್ತೆಂಟು ವರ್ಷ ಒಬ್ಬರೂ ಇನ್ನೊಬ್ಬರ ಕೈಗೆ "ಇದನ್ನ ಕೇಳು" ಅಂತ ಕೊಡಲಿಲ್ಲ ನೋಡಿ.

ಧಾರವಾಡ ಗಾಡಿ:
ಅಕ್ಕಾರ ಭಾಳ ಚಲೋ ಹೇಳಿದ್ರಿ. ನಂದೊಂದು ಬ್ಯಾರೇನ ತಕರಾರು ಐತಿ. ಆ ಮೋಲ್ಚಾತ್ ದೋಮಾದ ಟಿಕ್‌ಟಾಕ್ ಹಾಡು ಐತಲ್ಲ, ಅದರ ಸಾಹಿತ್ಯ ಅವರು ಬರದದ್ದಲ್ಲ, ಬೋರಿಸ್ ರಿಝಿ ಅಂತ ರಷ್ಯಾದ ಕವಿ, 2001ರಾಗ ಸತ್ತಾಂವ, ಅವನ ಕವಿತಾ. ಅಂದ್ರ ಏನಾತು? ಕವಿತಾಕ್ಕ ರಾಗಾ ಹಚ್ಚಿ ಹಾಡೋದು. ನಾವು ಇದಕ್ಕ ಭಾವಗೀತೆ ಅಂತೀವಿ, ಅಶ್ವತ್ಥ ಅವರ ಕಾಲದಿಂದ ಕೇಳ್ಕೋತ ಬಂದೀವಿ! ರಷ್ಯನ್ ಒಂದಕ್ಷರ ತಿಳೀದ ಮಂದಿ ಅದನ್ನ ಗುನುಗತಾರ, ಅಂದಮ್ಯಾಗ ಕನ್ನಡದಾಗ ಸಿಂಥ್ ಇಟ್ಟು ಶರೀಫಜ್ಜನ ತತ್ವಪದ ಹಾಡಿದ್ರ ಯಾಕ ಕೇಳಂಗಿಲ್ಲ? ರಘು ದೀಕ್ಷಿತ್ ಶರೀಫರ ಪದಾ ಹಾಡ್ಕೋತನ ಲಂಡನ್ ತನಕ ಹೋಗಿ 2011ರಾಗ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ತಗೊಂಡ ಬಂದಾರ. ಆದ್ರ ಅದು ಗಿಟಾರು. ಸಿಂಥ್ ಹಿಡದವರು ಯಾರದಾರ ತೋರಿಸ್ರಿ.

ಕ್ಯಾಸೆಟ್ ಕಾಲದವ:
ಸಿಂಥ್ ಹಿಡಿದೋರಾ? 1987, ಪ್ರೇಮಲೋಕ, ಹಂಸಲೇಖ. ನಮ್ಮನೆ ಟೇಪ್ ರೆಕಾರ್ಡರಲ್ಲಿ ಆ ಕ್ಯಾಸೆಟ್ ರೀಲು ಸಿಕ್ಕಾಕೊಂಡು ಪೆನ್ಸಿಲ್ ಹಾಕಿ ಸುತ್ತಿ ಸುತ್ತಿ ಕೇಳಿದೀನಿ. ನನ್ನ ಪಾಲಿಗೆ ಕನ್ನಡದ ಮೊದಲ ಸಿಂಥ್-ಪಾಪ್ ಅದೇ.

ಮೋಡೆಮ್ ಮಂಜ:
ಅಣ್ಣಾ ಅದು ಸಿನಿಮಾ ಹಾಡು. ಕೀಬೋರ್ಡ್ ಇದ್ದಿದ್ದೆಲ್ಲಾ ಸಿಂಥ್-ಪಾಪ್ ಆದ್ರೆ ಮದುವೆ ಮನೆ ಆರ್ಕೆಸ್ಟ್ರಾನೂ ಸಿಂಥ್-ಪಾಪೇ.

ಕೀಬೋರ್ಡ್ ಕಿಟ್ಟಿ:
ಮದುವೆ ಮನೆ ಆರ್ಕೆಸ್ಟ್ರಾದವನೇ ಬಂದೆ ನೋಡಿ ಹ್ಹಹ್ಹ. ಶನಿವಾರ ಭಾನುವಾರ ಛತ್ರದಲ್ಲಿ ನುಡಿಸ್ತೀನಿ, ಉಳಿದ ದಿನ ರೂಮಲ್ಲಿ ನನ್ನದೇ ಹಾಡು ಮಾಡ್ಕೊಂಡಿರ್ತೀನಿ. ಹುಡುಕೋರ ಕಷ್ಟ ಕೇಳಿದ್ದಾಯ್ತಲ್ಲ, ಸಿಗದೇ ಇರೋರ ಕಷ್ಟಾನೂ ಸ್ವಲ್ಪ ಕೇಳಿ. ಹೋದ ವರ್ಷ ಒಂದು ಕನ್ನಡ ಸಿಂಥ್ ಹಾಡು ಹಾಕಿದೆ, ಇವತ್ತಿನವರೆಗೆ 312 ಪ್ಲೇ. ಅದರಲ್ಲಿ ನಮ್ಮ ತಂಗಿದೇ ಒಂದು ನಲವತ್ತು ಇರಬೇಕು. 2024ರಿಂದ ಸ್ಪಾಟಿಫೈ ನಿಯಮ ಏನಂದ್ರೆ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸ್ಕೊಳ್ಳಲಿಲ್ಲ ಅಂದ್ರೆ ಆ ಹಾಡಿಗೆ ದುಡ್ಡೇ ಇಲ್ಲ. ಅವರದ್ದೇ ಡಿಸ್ಕವರಿ ಮೋಡ್ ಅಂತ ಇನ್ನೊಂದಿದೆ, ಅದಕ್ಕೆ ಒಪ್ಪಿದ್ರೆ ಹಾಡನ್ನ ರೇಡಿಯೋ, ಆಟೋಪ್ಲೇಯಲ್ಲಿ ಸ್ವಲ್ಪ ಮುಂದೆ ತಳ್ತಾರೆ, ಆದ್ರೆ ಹಾಗೆ ಬಂದ ಪ್ಲೇಗಳ ದುಡ್ಡಲ್ಲಿ 30% ಹಿಡ್ಕೊತಾರೆ. ಹಂಗಾಗಿ ಜಂಕ್ಷನ್ ಅವ್ರೇ, ನಿಮಗೆ ತಾನಾಗೇ ಸಿಕ್ತು ಅನ್ನಿಸೋ ಹಾಡುಗಳಲ್ಲಿ ಕೆಲವು ಕಮಿಷನ್ ಕೊಟ್ಟು ನಿಮ್ಮ ಕಿವಿಗೆ ಬಂದಿರೋವು. ಇನ್ನು ಪ್ಲೇಲಿಸ್ಟ್ ದಂಧೆ ಬೇರೆ. ಒಬ್ಬ ಇನ್‌ಸ್ಟಾದಲ್ಲಿ ಮೆಸೇಜ್ ಮಾಡಿ 2500 ಕೊಡಿ ಹತ್ತು ಸಾವಿರ ಪ್ಲೇ ಗ್ಯಾರಂಟಿ ಅಂದ. ನಾನು ಕೊಡಲಿಲ್ಲ, ನನ್ನ ಫ್ರೆಂಡ್ ಕೊಟ್ಟ, ಕೇಳಿದ್ದೆಲ್ಲಾ ಬಾಟ್‌ಗಳು, ಮನುಷ್ಯರಲ್ಲ, ಮೂರನೇ ವಾರಕ್ಕೆ ಸ್ಪಾಟಿಫೈಗೆ ಹಾಡು ತಲುಪಿಸೋ ಡಿಸ್ಟ್ರಿಬ್ಯೂಟರ್ ಹಾಡನ್ನೇ ಕಿತ್ತಾಕಿದ.

ಧಾರವಾಡ ಗಾಡಿ:
ಕಿಟ್ಟಿ, ಬೇಂದ್ರೆ ಅಜ್ಜಂದು ಒಂದು ಕವಿತಾ ಹಿಡಿಯೋ ತಮ್ಮಾ, ಸಾವಿರ ಪ್ಲೇ ನಾ ಒಬ್ಬಾಂವನ ಮಾಡ್ತೀನಿ.

ಕೀಬೋರ್ಡ್ ಕಿಟ್ಟಿ:
ಆಸೆ ಇದೆ ಸರ್, ಆದ್ರೆ ಬೇಂದ್ರೆ ತೀರ್ಕೊಂಡಿದ್ದು 1981ರಲ್ಲಿ, ನಮ್ಮ ಕಾಯ್ದೆ ಪ್ರಕಾರ ಕವಿ ಹೋಗಿ 60 ವರ್ಷ ಹಕ್ಕು ಇರುತ್ತೆ, ಅಂದ್ರೆ 2041ರ ಕೊನೆವರೆಗೂ ಅನುಮತಿ ತಗೊಂಡೇ ಹಾಡ್ಬೇಕು. ಶರೀಫಜ್ಜ ಆದ್ರೆ 1889ರಲ್ಲೇ ಹೋದ್ರು, ವಚನಗಳಂತೂ 12ನೇ ಶತಮಾನದ್ದು, ಪದಕ್ಕೆ ಯಾರನ್ನೂ ಕೇಳ್ಬೇಕಾಗಿಲ್ಲ. ಹಾಂ, ಬೇರೆಯವರು ಹಾಕಿದ ರಾಗ ಮಾತ್ರ ಎತ್ಕೊಳ್ಳೋ ಹಾಗಿಲ್ಲ, ಹೊಸದಾಗಿ ಕೂಡಿಸ್ಬೇಕು. ನನ್ನ 312 ಪ್ಲೇ ಹಾಡು ಅಕ್ಕಮಹಾದೇವಿ ವಚನಾನೇ.

ಮಲ್ಲೇಶ್ವರದ ಮಳೆ:
ಯಾರೂ ಬೆಂಗಳೂರಿನ ಹೆಸರೇ ಎತ್ತಿಲ್ವಲ್ಲ?? ಸಲ್ಕ್ ಸ್ಟೇಷನ್ ಅನ್ನೋ ಜೋಡಿ ಇದ್ರಲ್ಲ, ತನ್ವಿ ರಾವ್ ಮತ್ತೆ ರಾಹುಲ್ ಗಿರಿ, 2012ರಲ್ಲಿ ಆಲ್ಬಮ್ ಬಂತು. ಸಿಂಥ್-ಪಾಪ್ ಅಂತ ಹಠ ಮಾಡಲ್ಲ, ಟ್ರಿಪ್-ಹಾಪ್ ಕಡೆ ಜಾಸ್ತಿ, ಆದ್ರೆ ನಿಧಾನಕ್ಕೆ ಮಳೆ ಹನಿ ಬಿದ್ದ ಹಾಗೆ ಬೀಟು, ಅದರ ಮೇಲೆ ಹಿಂದೂಸ್ತಾನಿ ಛಾಯೆಯ ದನಿ. ನಂಗೆ ಇವರೆಲ್ಲ ಸಿಕ್ಕಿದ್ದು ಇಂದಿರಾನಗರದ ಹಮ್ಮಿಂಗ್ ಟ್ರೀಯಲ್ಲಿ. ಮೇನ್ ಬ್ಯಾಂಡ್ ನೋಡೋಕೆ ಅಂತ ಹೋಗಿ, ಅವರಿಗಿಂತ ಮುಂಚೆ ಖಾಲಿ ಹಾಲಿಗೆ ನುಡಿಸೋರ ಅಭಿಮಾನಿ ಆಗಿ ಬರ್ತಿದ್ದೆ. 2019ರಲ್ಲಿ ಅದನ್ನ ಮುಚ್ಚಿದ್ರು, ಅದಾದ್ಮೇಲೆ ನನ್ನ ಹೊಸ ಹಾಡಿನ ಬಾವಿ ಬತ್ತಿ ಹೋಯ್ತು ಅಂತಾನೇ ಹೇಳ್ಬೇಕು. ಮೊದಲು ನುಡಿಸೋ ಬ್ಯಾಂಡ್ ಹೊತ್ತಿಗೇ ಹೋಗಿ ಅನ್ನೋದೇ ನನ್ನ ದಾರಿ.

ಮೋಡೆಮ್ ಮಂಜ:
ಊರಲ್ಲಿರೋರಿಗೆ ಸರಿ. ನಮ್ಮ ಚಳ್ಳಕೆರೆಲಿ ಯಾವ ಬ್ಯಾಂಡು ಬಂದು ಖಾಲಿ ಹಾಲಲ್ಲಿ ನುಡಿಸ್ತದೆ? ಅದಕ್ಕೇ ನಾವು ಇಂಟರ್ನೆಟ್ಟು. 2012ರಲ್ಲಿ ಗ್ಲಾಸ್ಗೋದ ಚರ್ಚಸ್ ಬ್ಯಾಂಡಿನ ಮೊದಲ ಹಾಡು ಕೇಳಿದ್ದು ನಿಯಾನ್ ಗೋಲ್ಡ್ ಬ್ಲಾಗಲ್ಲಿ, ಆಗ ಅವರ ಆಲ್ಬಮ್ ಬರೋಕೆ ಇನ್ನೂ ಒಂದು ವರ್ಷದ ಮೇಲಿತ್ತು. ಆ ಬ್ಲಾಗ್ ಕಾಲ ಹೋಯ್ತು ಅನ್ನೋದೇ ಬೇಜಾರು.

ಸರಸ್ವತಿಪುರಂ:
ಪೂರ್ತಿ ಹೋಗಿಲ್ಲ ಮಂಜು. ಜಂಕ್ಷನ್ ಅವ್ರೇ ನನ್ನ ದಾರಿ ಹೇಳ್ತೀನಿ. ಬ್ಯಾಂಡ್‌ಕ್ಯಾಂಪ್ ಅಂತ ಕಲಾವಿದರು ನೇರವಾಗಿ ಹಾಡು ಮಾರೋ ವೆಬ್‌ಸೈಟ್ ಇದೆ, ಅದರಲ್ಲಿ ಯಾವ್ದಾದ್ರೂ ಇಷ್ಟದ ಆಲ್ಬಮ್ ತೆಗೀರಿ, ಅದನ್ನ ಕೊಂಡವರ ಪುಟ್ಟ ಪುಟ್ಟ ಫೋಟೋ ಚೌಕ ಚೌಕವಾಗಿ ಇರುತ್ತೆ. ಒಂದರ ಮೇಲೆ ಒತ್ತಿ. ಆ ವ್ಯಕ್ತಿ ದುಡ್ಡು ಕೊಟ್ಟು ತಗೊಂಡಿರೋ ಎಲ್ಲಾ ಆಲ್ಬಮ್ಮೂ ಕಾಣುತ್ತೆ, ಯಾರದ್ದೋ ಮನೆಗೆ ಹೋಗಿ ಪುಸ್ತಕದ ಕಪಾಟು ನೋಡಿದ ಹಾಗೆ. ಕೆಲವರು ಒಂದೊಂದು ಸಾಲು ಬರೆದೂ ಇರ್ತಾರೆ. ಸುಮ್ನೆ ಪ್ಲೇ ಒತ್ತಿದವನಿಗಿಂತ ಜೇಬಿಂದ ದುಡ್ಡು ತೆಗೆದವನ ರುಚಿ ನಂಗೆ ನಂಬಿಕೆ. ಡಿಜಿಟಲ್ ಮಾರಾಟದಲ್ಲಿ ಅವರು ಹಿಡ್ಕೊಳ್ಳೋದು 15%, 2020ರ ಮಾರ್ಚಿಂದ ಶುರುವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರಗಳಲ್ಲಿ ಅದನ್ನೂ ಬಿಡ್ತಾರೆ.

ಬರ್ಲಿನ್ ಭಟ್ಟ:
ಆ ಕಂಪನಿಯೂ ಸಾಧು ಸನ್ಯಾಸಿ ಅಲ್ಲ ಮೇಡಂ. 2022ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್‌ಗೆ ಮಾರಿಕೊಂಡ್ರು, ಮರುವರ್ಷ ಸಾಂಗ್‌ಟ್ರೇಡರ್ ಅನ್ನೋ ಸಂಗೀತ ಲೈಸೆನ್ಸ್ ಕಂಪನಿ ಕೈಗೆ ಹೋಯ್ತು, ಹೋದ ಕೂಡ್ಲೇ ಅರ್ಧ ಸಿಬ್ಬಂದಿ ಮನೆಗೆ. ಆದ್ರೂ ಈ ಚೌಕದ ಉಪಾಯ ನಂಗೆ ಗೊತ್ತಿರ್ಲಿಲ್ಲ, ಅಷ್ಟು ವರ್ಷ ಅಲಂಕಾರಕ್ಕೆ ಇಟ್ಟಿದ್ದಾರೆ ಅಂದ್ಕೊಂಡಿದ್ದೆ.

ಕ್ಯಾಸೆಟ್ ಕಾಲದವ:
ಒಂದು ಮಾತು. ಯಾರೇ ರೆಕಮೆಂಡ್ ಮಾಡಿದ್ರೂ "ಸೂಪರ್ ಗುರು ಕೇಳು" ಅಂದ್ರೆ ನಾನು ಕೇಳಲ್ಲ. ಹಾಡಲ್ಲಿ ಎಲ್ಲಿ, ಎಷ್ಟನೇ ನಿಮಿಷಕ್ಕೆ ಏನಾಗುತ್ತೆ ಅಂತ ಹೇಳಿದ್ರೆ ಮಾತ್ರ ಕೇಳ್ತೀನಿ. 2025ರಲ್ಲಿ ವೆಲ್ವೆಟ್ ಸನ್‌ಡೌನ್ ಅಂತ ಬ್ಯಾಂಡೇ ಇಲ್ಲದ ಬ್ಯಾಂಡ್ ಸ್ಪಾಟಿಫೈಲಿ ತಿಂಗಳಿಗೆ ಹತ್ತು ಲಕ್ಷ ಕೇಳುಗರನ್ನ ದಾಟಿತ್ತು, ಆಮೇಲೆ ಎಐ ಇಂದ ಮಾಡಿದ್ದು ಅಂತ ಒಪ್ಕೊಂಡ್ರು. ಅದನ್ನ ಸೂಪರ್ ಅಂದೋರು ಎಷ್ಟೋ ಜನ, ಯಾವ ಜಾಗ ಸೂಪರ್ ಅಂತ ಒಬ್ಬರನ್ನಾದ್ರೂ ಕೇಳ್ಬೇಕಿತ್ತು.

ಮೋಡೆಮ್ ಮಂಜ:
ಎಲ್ಲದಕ್ಕೂ ಹೋಮ್‌ವರ್ಕ್ ಕೊಡ್ತಾರಪ್ಪ ಈ ಅಣ್ಣ. ಹಾಡು ಕೇಳಿ ಖುಷಿ ಆದ್ರೆ ಸಾಕಾಗಲ್ವ?

ಜಯನಗರ್ ಜಂಕ್ಷನ್:
ಮೂರು ದಿನ ಆದ್ಮೇಲೆ ವರದಿ ಒಪ್ಪಿಸ್ತಾ ಇದೀನಿ. ಸರಸ್ವತಿಪುರಂ ಮೇಡಂ ಹೇಳಿದ ಹಾಗೆ ಮೋಲ್ಚಾತ್ ದೋಮಾ ಆಲ್ಬಮ್ಮಿಂದ ಒಂದು ಚೌಕ ಒತ್ತಿದೆ, ಅಲ್ಲಿಂದ ಇನ್ನೊಂದು, ರಾತ್ರಿ ಒಂದೂವರೆ ಆಯ್ತು, ಯಾರೋ ಸಾವಿರದ ಚಿಲ್ಲರೆ ಆಲ್ಬಮ್ ಇಟ್ಕೊಂಡಿರೋ ಪುಣ್ಯಾತ್ಮ ಸಿಕ್ಕಿದಾನೆ. ಐದು ಡಾಲರ್ ಕೊಟ್ಟು ಒಂದು ತಗೊಳ್ಳೋಣ ಅಂತ ಹೋದ್ರೆ ಕಾರ್ಡ್ ಡಿಕ್ಲೈನ್, ಡಿಕ್ಲೈನ್, ಡಿಕ್ಲೈನ್. ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆಫ್ ಇರುತ್ತಂತೆ, ಬ್ಯಾಂಕಿನ ಆ್ಯಪ್ ಒಳಗೆ ಏಳು ಸಮುದ್ರ ದಾಟಿ ಅದನ್ನ ಆನ್ ಮಾಡೋ ಹೊತ್ತಿಗೆ ಹೆಂಡತಿ ಎದ್ದು ಬಂದು ಯಾಕ್ರೀ ನಿದ್ದೆ ಬರ್ಲಿಲ್ವಾ ಅಂದ್ಲು. ಅಂತೂ ತಗೊಂಡೆ. ಆಮೇಲೆ ಕಿಟ್ಟಿ ಪ್ರೊಫೈಲಿಂದ ಅವರ ಹಾಡೂ ಹುಡುಕಿ ಕೇಳಿದೆ, 313ನೇದು ನಂದು. ಕ್ಯಾಸೆಟ್ ಅಣ್ಣ ಹೇಳಿದ ಹಾಗೆ ಜಾಗ ಹಿಡಿದು ಹೇಳ್ತೀನಿ: 2 ನಿಮಿಷ 10 ಸೆಕೆಂಡಿಗೆ ದನಿ ನಿಂತು ಹೋಗುತ್ತೆ, ಬರೀ ಪ್ಯಾಡ್, ಅಂದ್ರೆ ಹಿಂದೆ ಎಳೆದ ಸಿಂಥ್ ಸ್ವರ, ಉಳ್ಕೊಳುತ್ತೆ, ಹಿಂದೆ ದೂರದಲ್ಲಿ ಮೂರು ಸಲ ಬೀಪ್ ಅಂತ ಸಣ್ಣಗೆ ಬರುತ್ತೆ. ಮೈ ಜುಂ ಅಂತು. ಕಿಟ್ಟಿ, ಅದು ಯಾವ ಸಿಂಥ್?

ಕೀಬೋರ್ಡ್ ಕಿಟ್ಟಿ:
ಸರ್ ಅದು ಸಿಂಥ್ ಅಲ್ಲ. ಹಾಡ್ತಾ ಇರೋವಾಗ ಕರೆಂಟ್ ಹೋಯ್ತು, ಅದಕ್ಕೇ ನಿಲ್ಲಿಸಿದ್ದು, ಬೀಪ್ ಅಂದಿದ್ದು ಯುಪಿಎಸ್. ಎಡಿಟ್ ಮಾಡೋವಾಗ ನೋಡಿದ್ರೆ ಶ್ರುತಿಗೆ ಸರಿಯಾಗಿ ಕೂತಿತ್ತು, ಬಿಟ್ಟೆ. ಒಂದು ವರ್ಷ ಆಯ್ತು, ಅದೇನು ಅಂತ ಕೇಳಿದ್ದು ನೀವೊಬ್ರೇ.

ಕ್ಯಾಸೆಟ್ ಕಾಲದವ:
ಲಿಂಕ್ ಹಾಕೋ.