ಹಿಪ್‌ಹಾಪ್‌ನ ‘ಬ್ರೇಕ್’: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಹಿಪ್‌ಹಾಪ್ ಸಂಗೀತದ ಚರಿತ್ರೆಯನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದು, ‘ಬ್ರೇಕ್’ ಎಂಬ ಒಂದು ಪದದ ಬಳಿ ಬಂದು ನಿಂತಿದ್ದೇನೆ. ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದರೆ ಸಾಲದೇ ಎಂದು ತಾವು ಕೇಳಬಹುದು. ಆದರೆ ಬ್ರೇಕ್ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಬಸ್ಸಿಗೆ ಹಾಕುವ ಬ್ರೇಕು, ಇಲ್ಲವೇ ಕಾರ್ಯಕ್ರಮದ ನಡುವಿನ ಬಿಡುವು. ಎರಡರಲ್ಲಿಯೂ ನಿಲ್ಲುವುದೇ ಮುಖ್ಯಾರ್ಥ. ಹಿಪ್‌ಹಾಪ್‌ನಲ್ಲಾದರೋ ಕುಣಿತ ಕಾವೇರುವುದೇ ಬ್ರೇಕ್‌ನಲ್ಲಿ.

ಫಂಕ್ ಮತ್ತು ಸೋಲ್ ಎಂಬ ಅಮೆರಿಕದ ಸಂಗೀತ ಪ್ರಕಾರಗಳ ಹಾಡುಗಳಲ್ಲಿ ಗಾಯನವೂ ಉಳಿದ ವಾದ್ಯಗಳೂ ಹಿಂದೆ ಸರಿದು, ಕೆಲವು ಕ್ಷಣ ಡ್ರಮ್ ಒಂದೇ ಮುಂದುವರಿಯುವ ಭಾಗಕ್ಕೆ ಈ ಹೆಸರು. ಜಮೈಕಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಕ್ಲೈವ್ ಕ್ಯಾಂಬೆಲ್, ಅಂದರೆ ಡಿಜೆ ಕೂಲ್ ಹರ್ಕ್, 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಸೋದರಿ ಸಿಂಡಿ ಏರ್ಪಡಿಸಿದ್ದ ಕೂಟಕ್ಕೆ ರೆಕಾರ್ಡುಗಳನ್ನು ನುಡಿಸಿದರು. ಕುಣಿಯುವವರು ಈ ಭಾಗಕ್ಕಾಗಿಯೇ ಕಾಯುವುದನ್ನು ಗಮನಿಸಿದ ಅವರು, ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ (ರೆಕಾರ್ಡು ತಿರುಗಿಸುವ ಯಂತ್ರಗಳ) ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಮೊದಲಿನಿಂದ ಎತ್ತಿಕೊಂಡು, ಕೆಲವು ಸೆಕೆಂಡುಗಳ ತುಣುಕನ್ನು ನಿಮಿಷಗಟ್ಟಲೆ ಬೆಳೆಸುವ ಕ್ರಮವನ್ನು ರೂಢಿಗೆ ತಂದರು. ಅದಕ್ಕೆ ಕುಣಿದವರು ಬಿ-ಬಾಯ್, ಬಿ-ಗರ್ಲ್ ಎನಿಸಿಕೊಂಡರು; ಇಲ್ಲಿನ ‘ಬಿ’ ಬ್ರೇಕ್‌ನದೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆ ಕುಣಿತ ‘ಬ್ರೇಕಿಂಗ್’ ಎಂಬ ಹೆಸರಿನಲ್ಲಿಯೇ ಸ್ಪರ್ಧೆಯಾಯಿತು.

ಪತ್ರಿಕೆಗಳಿಗೆ ಸುಲಭವಾಗಿ ಒದಗುವ ‘ವಿರಾಮ’ವನ್ನು ನಾನು ಒಪ್ಪಲಾರೆ. ದಿ ವಿನ್‌ಸ್ಟನ್ಸ್ ತಂಡದ 1969ರ ರೆಕಾರ್ಡೊಂದರಲ್ಲಿ ಗ್ರೆಗರಿ ಕೋಲ್‌ಮನ್ ನುಡಿಸಿದ ಆರೇಳು ಸೆಕೆಂಡುಗಳ ಬ್ರೇಕ್, ಅಮೆರಿಕದ ಹಿಪ್‌ಹಾಪ್‌ನಿಂದ ಇಂಗ್ಲೆಂಡಿನ ಜಂಗಲ್ ಸಂಗೀತದವರೆಗೆ ಸಾವಿರಾರು ಧ್ವನಿಮುದ್ರಣಗಳಲ್ಲಿ ಮರಳಿ ಬಂದಿದೆ. ಅದನ್ನು ವಿರಾಮವೆಂದು ಕರೆದರೆ ಆ ವಾದಕನಿಗೆ ಅನ್ಯಾಯವಾಗುತ್ತದೆ. ‘ತುಂಡು’ ಎಂದರೆ ಕತ್ತರಿಸಿದ್ದು ತಿಳಿಯುತ್ತದೆ, ಲಯ ತಿಳಿಯುವುದಿಲ್ಲ. ಕರ್ನಾಟಕ ಸಂಗೀತ ಕಚೇರಿಯ ‘ತನಿ’ (ತನಿ ಆವರ್ತನ) ಹತ್ತಿರವೆನಿಸಿದರೂ, ಅಲ್ಲಿರುವುದು ಮೃದಂಗ ವಿದ್ವಾಂಸರ ವಿಸ್ತಾರವಾದ ಲಯವಿನ್ಯಾಸ. ಬ್ರೇಕ್‌ನಲ್ಲಿ ಡ್ರಮ್ ನುಡಿಸುವವನು ನಡೆಯನ್ನು ಬಿಡದೆ ಹಿಡಿದಿರುತ್ತಾನೆ, ಅಷ್ಟೆ.

ಯಕ್ಷಗಾನದ ‘ಬಿಡ್ತಿಗೆ’ಯ ಕಡೆಗೆ ನನ್ನ ಮನಸ್ಸು ವಾಲುತ್ತಿದೆ. ಭಾಗವತರ ಹಾಡು ನಿಂತು, ಚೆಂಡೆ ಮದ್ದಳೆಗಳ ನುಡಿತಕ್ಕೆ ವೇಷಧಾರಿ ಕುಣಿಯುವ ಆ ಸಂದರ್ಭದಲ್ಲಿ ಬ್ರಾಂಕ್ಸ್‌ನ ಕೂಟದ ಹೋಲಿಕೆ ಕಾಣುತ್ತದೆ. ಆದರೆ ಬಿಡ್ತಿಗೆಗೆ ಅದರದೇ ತಾಳಕ್ರಮವಿದೆ. ಹಿಮ್ಮೇಳವನ್ನು ಬಲ್ಲವರು ಈ ಎರವಲನ್ನು ಒಪ್ಪುವರೇ? ಡೊಳ್ಳು, ತಮಟೆ ಕಲಾವಿದರಲ್ಲಿ ಹಾಡು ನಿಂತು ಬಡಿತ ಮಾತ್ರ ನಡೆಯುವ ಭಾಗಕ್ಕೆ ಬೇರೆ ಹೆಸರಿದ್ದರೆ, ಅದನ್ನು ಬಳಸುವ ಊರಿನ ಹೆಸರಿನೊಂದಿಗೆ ತಿಳಿಸಬೇಕಾಗಿ ವಿನಂತಿ.